ಅಪ್ಪನ ಎದೆಯ ಡಬ್ಬಿ ಮತ್ತು ವಿಲ್ಸನ್ ಗ್ರೇಟ್‌ಬ್ಯಾಚ್

ಬಯಲುಸೀಮೆ ಬಿಸಿಲು
ಹೋದ ವಾರ ಅಪ್ಪನ ಪೇಸ್‌ಮೇಕರ್, ಅಂದರೆ ಎದೆಬಡಿತ ತಪ್ಪದಂತೆ ಎದೆಯೊಳಗೆ ಇಡುವ ಪುಟ್ಟ ಯಂತ್ರ, ಬದಲಾಯಿಸಿಕೊಂಡು ಬಂದೆವು. ಹಳೆಯದಕ್ಕೆ ಹನ್ನೊಂದು ವರ್ಷ ಆಗಿತ್ತು, ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಅಪ್ಪ ರಿಟೈರ್ಡ್ ಲೈನ್‌ಮನ್. ಕಂಬ ಹತ್ತಿ ಇಳಿದ ಜೀವ. ವಾರ್ಡಿಗೆ ಬಂದ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ಇದನ್ನ ಮೊದಲು ಮಾಡಿದ ಪುಣ್ಯಾತ್ಮ ಡಾಕ್ಟರೋ, ಇಂಜಿನಿಯರೋ?"

ಆಸ್ಪತ್ರೆಯ ಕುರ್ಚಿಯಲ್ಲಿ ಎರಡು ರಾತ್ರಿ ಸುಮ್ನೆ ಕೂತು ಓದಿದೆ. ಇಂಜಿನಿಯರೇ. ಹೆಸರು ವಿಲ್ಸನ್ ಗ್ರೇಟ್‌ಬ್ಯಾಚ್. 1919ರ ಸೆಪ್ಟೆಂಬರ್ 6ರಂದು ಅಮೆರಿಕದ ಬಫಲೋ ಊರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ನಡೆಸುವ ರೇಡಿಯೋ) ಹುಚ್ಚು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ ರೇಡಿಯೋ ಕೆಲಸ ಮಾಡಿದರು. ಆಮೇಲೆ ಯುದ್ಧವಿಮಾನದ ಹಿಂದಿನ ಸೀಟಿನಲ್ಲಿ ಗನ್ ಹಿಡಿದು ಕೂತು ಹಾರಿದರು. ವಾಪಸ್ ಬಂದ ಮೇಲೆ ಒಂದು ವರ್ಷ ಟೆಲಿಫೋನ್ ರಿಪೇರಿ ಕೆಲಸ. ಮಾಜಿ ಸೈನಿಕರಿಗೆ ಸರ್ಕಾರ ಕೊಟ್ಟ ದುಡ್ಡಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿ 1950ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದರು. ಆಗಲೇ ಮದುವೆಯಾಗಿ ಸಂಸಾರ ಬೇರೆ.

ಎಲ್ಲ ಕಡೆ ಇವರ ಬಗ್ಗೆ ಒಂದೇ ಕತೆ ಇದೆ. ತಪ್ಪು ರೆಸಿಸ್ಟರ್ (ಸರ್ಕ್ಯೂಟಿನಲ್ಲಿ ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಹಾಕಿದರಂತೆ, ಪೇಸ್‌ಮೇಕರ್ ಆಗಿಹೋಯಿತಂತೆ. ಅಷ್ಟೇ! ನನಗೆ ಈ ಕತೆ ಕೇಳಿ ಕೇಳಿ ಸಾಕಾಯಿತು. ಆ ತಪ್ಪಿಗೆ ಹಿಡಿದಿದ್ದು ಒಂದು ನಿಮಿಷ. ಅದರ ಮೇಲೆ ಇಪ್ಪತ್ತು ವರ್ಷ ದುಡಿದರಲ್ಲ, ಅದನ್ನು ಯಾರೂ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಇವರು ಯುದ್ಧದಲ್ಲಿ ಕಲಿತದ್ದನ್ನು ಸಮಾಜಸೇವೆಗೆ ತಂದವರು. ಇಲ್ಲಿ ಎಲೆಕ್ಟ್ರಾನಿಕ್ಸ್ ಗೊತ್ತಿರುವವರು, ಫೌಜಿನವರು, ಆಸ್ಪತ್ರೆಯವರು ಎಲ್ಲ ಇದ್ದೀರಿ. ಗೊತ್ತಿದ್ದದ್ದನ್ನು ಸೇರಿಸಿ.

ಬೆಸುಗೆ ಕಡ್ಡಿ
ಮೊದಲು ಅಪ್ಪನವರು ಹುಷಾರಾಗಿದ್ದಾರಲ್ವಾ? ಎಡಗೈ ಜಾಸ್ತಿ ಮೇಲೆ ಎತ್ತಬೇಡಿ ಅಂತ ಹೇಳಿ.

ಆ ರೆಸಿಸ್ಟರ್ ಕತೆಯನ್ನು ಅಷ್ಟು ಬೇಗ ಬಿಸಾಕಬೇಡಿ ಸಾರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿದವರಿಗೆ ಅದರ ರುಚಿ ಗೊತ್ತು. 1950ರ ದಶಕದಲ್ಲಿ ಅವರು ಬಫಲೋದಲ್ಲಿ ಹೃದಯದ ಸದ್ದು ದಾಖಲಿಸಲು ಒಂದು ಆಸಿಲೇಟರ್, ಅಂದರೆ ಕರೆಂಟಿನ ಅಲೆ ಹುಟ್ಟಿಸುವ ಸರ್ಕ್ಯೂಟು, ಕಟ್ಟುತ್ತಿದ್ದರು. ಬೇಕಿದ್ದದ್ದು 10 ಸಾವಿರ ಓಮಿನ ರೆಸಿಸ್ಟರ್. ಕೈಗೆ ಸಿಕ್ಕಿದ್ದು 10 ಲಕ್ಷ ಓಮಿನದು. ಬಣ್ಣದ ಪಟ್ಟಿ ನೋಡಿ: ಮೊದಲನೆಯದಕ್ಕೆ ಕಂದು, ಕಪ್ಪು, ಕಿತ್ತಳೆ. ಎರಡನೆಯದಕ್ಕೆ ಕಂದು, ಕಪ್ಪು, ಹಸಿರು. ಮೂರನೇ ಪಟ್ಟಿ ಒಂದೇ ವ್ಯತ್ಯಾಸ. ಮಬ್ಬು ಬೆಳಕಲ್ಲಿ ನಾನೇ ಹತ್ತು ಸಲ ತಪ್ಪು ತೆಗೆದಿದ್ದೇನೆ, ಒಂದು ಸಲ ಹೊಗೆಯೂ ಬಂದಿದೆ.

ಅವರ ಸರ್ಕ್ಯೂಟು ಹೊಗೆ ಬಿಡಲಿಲ್ಲ. 1.8 ಮಿಲಿಸೆಕೆಂಡ್ ಒಂದು ಪಲ್ಸ್ ಕೊಟ್ಟು ಸುಮ್ಮನಾಯಿತು. ಒಂದು ಸೆಕೆಂಡ್ ಬಿಟ್ಟು ಇನ್ನೊಂದು ಪಲ್ಸ್. ಮತ್ತೆ ಒಂದು ಸೆಕೆಂಡ್ ಮೌನ. ನೂರು ಇಂಜಿನಿಯರುಗಳಲ್ಲಿ ತೊಂಬತ್ತೊಂಬತ್ತು ಜನ "ಥೂ, ತಪ್ಪಾಯಿತು" ಅಂತ ಕಿತ್ತು ಹಾಕುತ್ತಿದ್ದರು. ಇವರು ನೋಡುತ್ತಾ ಕೂತರು. ಇದು ಎದೆಬಡಿತ ಅಂತ ಹೊಳೆಯಿತು.

ಯಾಕೆ ಹೊಳೆಯಿತು ಅನ್ನುವುದು ಮುಖ್ಯ. 1951ರ ಹೊತ್ತಿಗೆ ಅವರು ಕಾರ್ನೆಲ್ಲಿನ ಪ್ರಾಣಿ ವರ್ತನೆಯ ಫಾರ್ಮಿನಲ್ಲಿ ಕೆಲಸಕ್ಕಿದ್ದರು. ಕುರಿ, ಮೇಕೆಗಳಿಗೆ ಬಿಪಿ ಮತ್ತು ಎದೆಬಡಿತ ಅಳೆಯುವ ಉಪಕರಣ ಕಟ್ಟುವ ಕೆಲಸ. ಅಲ್ಲಿಗೆ ಬಂದಿದ್ದ ಇಬ್ಬರು ಸರ್ಜನ್‌ಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹಾರ್ಟ್ ಬ್ಲಾಕ್ ಬಗ್ಗೆ ಹೇಳಿದ್ದರು. ಈ ಬ್ಲಾಕ್ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗಬೇಕಾದ ಕರೆಂಟು ನಡುವೆ ನಿಂತುಹೋಗುವುದು. ಗ್ರೇಟ್‌ಬ್ಯಾಚ್‌ಗೆ ಆಗಲೇ ಅನ್ನಿಸಿತ್ತು, ಇದು ರೇಡಿಯೋ ರಿಪೇರಿಯ ಲೆಕ್ಕದ್ದೇ ಅಂತ. ಆದರೆ ಆಗಿನ ಬಲ್ಬಿನಂಥ ವಾಲ್ವು, ಆಗಿನ ಬ್ಯಾಟರಿ ಇಟ್ಟುಕೊಂಡು ಎದೆಯೊಳಗೆ ಏನು ಹಾಕಲು ಸಾಧ್ಯ? ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಐದಾರು ವರ್ಷ ಬಿಟ್ಟು ಟ್ರಾನ್ಸಿಸ್ಟರ್ ಕೈಗೆ ಬಂದಿತ್ತು, ತಪ್ಪು ರೆಸಿಸ್ಟರೂ ಬಂತು. ಅಷ್ಟು ಕಾಲ ಕಾದಿದ್ದಕ್ಕೆ ಆ ತಪ್ಪು ಕೆಲಸಕ್ಕೆ ಬಂತು.

ತಿದ್ದುಪಡಿ ಮೇಷ್ಟ್ರು
ನನ್ನ ಹೆಸರಿಗೆ ತಕ್ಕ ಹಾಗೆ ಒಂದು ತಿದ್ದುಪಡಿ. "ಮೊದಲು ಮಾಡಿದವರು" ಅಂತ ಅಪ್ಪನಿಗೆ ಹೇಳುವಾಗ ಸ್ವಲ್ಪ ಎಚ್ಚರ. ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು ಸ್ವೀಡನ್ನಿನಲ್ಲಿ, 1958ರ ಅಕ್ಟೋಬರ್ 8ರಂದು. ಕಟ್ಟಿದವರು ರೂನೆ ಎಲ್ಮ್‌ಕ್ವಿಸ್ಟ್, ಇಟ್ಟವರು ಸರ್ಜನ್ ಓಕೆ ಸೆನ್ನಿಂಗ್. ರೋಗಿ ಆರ್ನೆ ಲಾರ್ಸನ್. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಇನ್ನೊಂದನ್ನು ಇಟ್ಟರು. ಲಾರ್ಸನ್ ಒಂದಾದ ಮೇಲೆ ಒಂದರಂತೆ ಒಟ್ಟು 26 ಪೇಸ್‌ಮೇಕರ್ ಬಳಸಿ 2001ರ ತನಕ ಬದುಕಿದರು. ಅವರಿಗೆ ಆಪರೇಷನ್ ಮಾಡಿದ ಸೆನ್ನಿಂಗ್ ಅವರಿಗಿಂತ ಮೊದಲೇ, 2000ದಲ್ಲಿ ತೀರಿಕೊಂಡರು. ಯಮನ ಲೆಕ್ಕ ಯಾರಿಗೆ ಗೊತ್ತು!

ಅದಕ್ಕೂ ಮುಂಚೆ 1952ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಹೊರಗಿನಿಂದ ಎದೆಗೆ ಶಾಕ್ ಕೊಡುವ ಯಂತ್ರ ಮಾಡಿದ್ದರು. ಅದಕ್ಕೆ ಗೋಡೆಯ ಪ್ಲಗ್ ಬೇಕು. ರೋಗಿ ವೈರಿನ ಉದ್ದಕ್ಕಿಂತ ದೂರ ಹೋಗುವಂತಿಲ್ಲ. ಪ್ರತಿ ಶಾಕಿಗೂ ಚರ್ಮ ಉರಿ. ನಮ್ಮ ಕಡೆಯ ಲೋಡ್ ಶೆಡ್ಡಿಂಗ್ ಇದ್ದಿದ್ದರೆ ಕತೆ ಮುಗಿಯಿತು ಅಂದುಕೊಳ್ಳಬೇಡಿ, ಅಮೆರಿಕದಲ್ಲೂ ಅದೇ ಆಯಿತು. 1957ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಗಿ ಫಜೀತಿ ಆದ ಮೇಲೆ ಅರ್ಲ್ ಬ್ಯಾಕನ್ ಬ್ಯಾಟರಿಯ ಪೇಸ್‌ಮೇಕರ್ ಮಾಡಿದರು. ಹೊರಗೆ ನೇತು ಹಾಕಿಕೊಳ್ಳುವಂಥದ್ದು. ಅವರೂ ಎಲೆಕ್ಟ್ರಿಕಲ್ ಇಂಜಿನಿಯರು, ಅವರೂ ಯುದ್ಧದಲ್ಲಿ ರೇಡಾರ್ ಕೆಲಸ ಕಲಿತವರು.

ಬಯಲುಸೀಮೆ ಬಿಸಿಲು
ಮೇಷ್ಟ್ರೇ, ತಿದ್ದುಪಡಿ ಒಪ್ಪಿದೆ. ಹಾಗಾದರೆ ಹೀಗೆ ಹೇಳೋಣ: ಬಹಳ ದಿನ ಬಾಳುವ, ಅಂಗಡಿಯಲ್ಲಿ ಸಿಗುವ ಮಟ್ಟಕ್ಕೆ ಬಂದ ಮೊದಲ ಒಳಗಿನ ಪೇಸ್‌ಮೇಕರ್ ಗ್ರೇಟ್‌ಬ್ಯಾಚ್ ಅವರದ್ದು.

ಅದು ಸಲೀಸಾಗಿ ಆಗಲಿಲ್ಲ. ಬಫಲೋದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ವಿಲಿಯಂ ಶಾರ್ಡಾಕ್ ಅನ್ನುವ ಸರ್ಜನ್ ಇದ್ದರು. ಗ್ರೇಟ್‌ಬ್ಯಾಚ್ ಹೋಗಿ ವಿಷಯ ಹೇಳಿದಾಗ, "ಇದು ನಿಮ್ಮ ಕೈಲಿ ಆದರೆ ವರ್ಷಕ್ಕೆ ಹತ್ತು ಸಾವಿರ ಜೀವ ಉಳಿಸಬಹುದು" ಅಂದರಂತೆ. ಮೂರು ವಾರದಲ್ಲಿ ಗ್ರೇಟ್‌ಬ್ಯಾಚ್ ಒಂದು ಮಾದರಿ ಕಟ್ಟಿ ತಂದರು. 1958ರ ಮೇ 7ರಂದು ಶಾರ್ಡಾಕ್ ಮತ್ತು ಆಂಡ್ರ್ಯೂ ಗೇಜ್ ಒಂದು ನಾಯಿಯ ಹೃದಯಕ್ಕೆ ಆ ತಂತಿ ಮುಟ್ಟಿಸಿದರು. ಹೃದಯ ಆ ಡಬ್ಬಿಯ ಮಾತು ಕೇಳಿತು! ಎರಡು ಘನ ಇಂಚಿನ ತನ್ನ ಸರ್ಕ್ಯೂಟು ಜೀವಂತ ಹೃದಯವನ್ನು ನಡೆಸಿದ ಆ ದಿನದ ಖುಷಿ ಇನ್ನೊಮ್ಮೆ ಸಿಗಲಾರದು ಅಂತ ಮುಂದಿನ ವರ್ಷ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ.

ನಾಲ್ಕು ಗಂಟೆಯಲ್ಲಿ ಡಬ್ಬಿ ಸತ್ತಿತು. ಸುತ್ತಿದ್ದದ್ದು ನಮ್ಮ ಅಪ್ಪ ಸುತ್ತುವಂಥದೇ ಇನ್ಸುಲೇಷನ್ ಟೇಪು. ದೇಹದ ನೀರು ಒಳಗೆ ಇಳಿದುಬಿಟ್ಟಿತು. ಅಪ್ಪನಿಗೆ ಇದನ್ನು ಹೇಳಿದೆ. "ಮಳೆಗಾಲದ ಜಾಯಿಂಟು, ಟೇಪು ಎಲ್ಲಿ ತಡೆಯುತ್ತೆ" ಅಂದರು. ಆಮೇಲೆ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಎರಕ ಹೊಯ್ದು ನೋಡಿದರು. ಆಗ ನಾಯಿಗಳಲ್ಲಿ ನಾಲ್ಕು ತಿಂಗಳವರೆಗೂ ಬಂತು.

ಆಮೇಲೆ ಅವರು ಮಾಡಿದ್ದು ನೋಡಿ. ಕೆಲಸ ಬಿಟ್ಟರು. ಕೈಯಲ್ಲಿ 2,000 ಡಾಲರ್, ಎರಡು ವರ್ಷ ಮನೆ ನಡೆಸಲು ಎತ್ತಿಟ್ಟದ್ದು ಬೇರೆ. ಐದು ಮಕ್ಕಳ ತಂದೆ. ಕ್ಲಾರೆನ್ಸ್ ಅನ್ನುವ ಊರಲ್ಲಿ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. ಅಲ್ಲೇ ಕೂತು ಕೈಯಲ್ಲೇ 50 ಪೇಸ್‌ಮೇಕರ್ ಕಟ್ಟಿದರು. 40 ಪ್ರಾಣಿಗಳಿಗೆ, 10 ಮನುಷ್ಯರಿಗೆ. 1960ರಲ್ಲಿ ಅದನ್ನು ಹಾಕಿಸಿಕೊಂಡ ಮೊದಲ ರೋಗಿ 77 ವರ್ಷದ ಅಜ್ಜ, ಹದಿನೆಂಟು ತಿಂಗಳು ಬದುಕಿದರು. ಆ ಹತ್ತು ಜನರಲ್ಲಿ ಇಬ್ಬರು ಮಕ್ಕಳೂ ಇದ್ದರು.

ಒಗ್ಗರಣೆ ಸದ್ದು
ಐದು ಮಕ್ಕಳು, ಗಂಡ ಕೆಲಸ ಬಿಟ್ಟು ಕೊಟ್ಟಿಗೆಯಲ್ಲಿ ಕೂತಿದ್ದಾರೆ. ಹೆಂಡತಿಯ ಹೆಸರು ಯಾರೂ ಹೇಳುತ್ತಿಲ್ಲವಲ್ಲ!

ಬಯಲುಸೀಮೆ ಬಿಸಿಲು
ಅಕ್ಕಾ, ಒಪ್ಪಿದೆ, ತಪ್ಪು ನನ್ನದೇ. ಹೆಸರು ಎಲೀನರ್. 1945ರ ಹೊಸ ವರ್ಷದ ದಿನ ಮದುವೆ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ ಇವರದ್ದೇ. ಆ ಕಾಲದ ಟ್ರಾನ್ಸಿಸ್ಟರುಗಳನ್ನು ನಂಬುವ ಹಾಗಿರಲಿಲ್ಲ. ಒಂದು ಚೆನ್ನಾಗಿದ್ದರೆ ಇನ್ನೊಂದು ಕೆಟ್ಟದ್ದು. ಹಾಗಾಗಿ ಒಂದೊಂದನ್ನೂ ಕಾಯಿಸಿ, ತಟ್ಟಿ ಪರೀಕ್ಷೆ ಮಾಡಬೇಕು. ಅದಕ್ಕೆ ಮಲಗುವ ಕೋಣೆಯಲ್ಲೇ ಒವನ್ ಇಟ್ಟಿದ್ದರು. ಬೆಳಗ್ಗೆ ಎದ್ದಾಗ ಟಕ್, ಟಕ್, ಟಕ್ ಅಂತ ಸದ್ದು ಕೇಳುತ್ತಿತ್ತಂತೆ. ಎಲೀನರ್ ಪೆನ್ಸಿಲಿನಲ್ಲಿ ಟ್ರಾನ್ಸಿಸ್ಟರಿಗೆ ಹದವಾಗಿ ತಟ್ಟುತ್ತಾ ಮೀಟರ್ ನೋಡುತ್ತಿದ್ದರು. ಬಿದ್ದರೆ, ತಾಗಿದರೆ ತಡೆಯುತ್ತದೋ ಇಲ್ಲವೋ ಎಂದು.

ಒಗ್ಗರಣೆ ಸದ್ದು
ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ, ಹಾಗೆಯೇ. ಸರಿ, ಈಗ ಸಮಾಧಾನ. ಮುಂದುವರಿಸಿ.

ಎಲ್ಲಕ್ಕೂ ಪ್ರಶ್ನೆ
ನಾನು ಸ್ವಲ್ಪ ಹುಳಿ ಹಿಂಡುತ್ತೇನೆ, ಬೈಯಬೇಡಿ. ಪೇಟೆಂಟ್ ತೆಗೆದುಕೊಂಡರು, ಕಂಪನಿಗೆ ಲೈಸೆನ್ಸ್ ಕೊಟ್ಟರು, ದುಡ್ಡು ಮಾಡಿದರು. ಇದರಲ್ಲಿ ಸಮಾಜಸೇವೆ ಎಲ್ಲಿ ಬಂತು? ಮತ್ತೆ ಯುದ್ಧಕ್ಕೂ ಇದಕ್ಕೂ ಏನು ಸಂಬಂಧ? ಫೌಜಿಗೆ ಹೋಗಿ ಬಂದವರೆಲ್ಲ ದೇವರಲ್ಲವಲ್ಲ.

ಕಾವೇರಿ ಮೂಲೆ
ಯುದ್ಧದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೊಡಗಿನವನು, ಅಜ್ಜ ಸೈನ್ಯದ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿದ್ದರು. ದೇವರು ಅಂತ ಯಾರೂ ಹೇಳುತ್ತಿಲ್ಲ. ಆದರೆ ಸಂಬಂಧ ಇದೆ, ಒಂದಲ್ಲ ಮೂರು ಥರ.

ಮೊದಲು ಕೈಕಸುಬು. ಹಡಗಿನಲ್ಲಿ ರೇಡಿಯೋ ಕೆಟ್ಟರೆ ಅಂಗಡಿಗೆ ಹೋಗಲು ಆಗುವುದಿಲ್ಲ. ಇದ್ದದ್ದರಲ್ಲೇ ಸರಿಮಾಡಬೇಕು, ಕೆಟ್ಟರೆ ಜನ ಸಾಯುತ್ತಾರೆ ಅನ್ನುವ ಭಯ ಕೈಯಲ್ಲೇ ಇರುತ್ತದೆ. ನಮ್ಮ ಅಜ್ಜ ರಿಟೈರ್ ಆಗಿ ಬಂದ ಮೇಲೆ ಊರಿನ ಎಲ್ಲರ ರೇಡಿಯೋ, ಪಂಪ್‌ಸೆಟ್ ಅವರದೇ ಜವಾಬ್ದಾರಿ. ಬೆಸುಗೆ ಹಾಕಿದ ಮೇಲೆ ಒಂದು ಸಲ ಎಳೆದು ನೋಡದೆ ಮುಚ್ಚಳ ಹಾಕಿದ್ದನ್ನು ನಾನು ಕಂಡಿಲ್ಲ. ಎದೆಯೊಳಗಿಡುವ ಡಬ್ಬಿಗೆ ಬೇಕಾದದ್ದು ಅದೇ ಅಭ್ಯಾಸ.

ಎರಡನೆಯದು ಓದು. ಅಮೆರಿಕ 1944ರಲ್ಲಿ ಮಾಡಿದ ಕಾನೂನಿನಿಂದ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಟೆಲಿಫೋನ್ ರಿಪೇರಿ ಮಾಡುತ್ತಿದ್ದವರು ಕಾರ್ನೆಲ್‌ಗೆ ಹೋಗಲು ಆದದ್ದು ಅದರಿಂದಲೇ. ಕಪ್ಪು ಸೈನಿಕರಿಗೆ ಮಾತ್ರ ಅದೇ ಕಾನೂನು ಇದ್ದೂ ಇಲ್ಲದ ಹಾಗಿತ್ತು, ಎಷ್ಟೋ ಕಾಲೇಜುಗಳು ಬಾಗಿಲೇ ತೆರೆಯಲಿಲ್ಲ. ಅದನ್ನೂ ಹೇಳಬೇಕು.

ಮೂರನೆಯದು ಸಾವು. ಗ್ರೇಟ್‌ಬ್ಯಾಚ್ ಜೊತೆ ಹಾರಿದವರಲ್ಲಿ ಮೂರರಲ್ಲಿ ಒಂದು ಪಾಲು ಜನ ವಾಪಸ್ ಬರಲಿಲ್ಲ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನುವುದಕ್ಕೆ ತಲೆಬುಡ ಇಲ್ಲದ್ದನ್ನು ನೋಡಿಯೇ ತಮಗೆ ದೇವರಲ್ಲಿ ನಂಬಿಕೆ ಗಟ್ಟಿಯಾಯಿತು ಅಂತ ಹೇಳಿಕೊಂಡಿದ್ದಾರೆ. ನನಗೆ ಆ ಮಾತು ಪೂರ್ತಿ ಅರ್ಥವಾಗಿಲ್ಲ. ನಮ್ಮ ಅಜ್ಜನಿಗೆ ಉಲ್ಟಾ ಆಗಿತ್ತು, ದೇವಸ್ಥಾನದ ಹೊರಗೇ ನಿಲ್ಲುತ್ತಿದ್ದರು.

ಬೆಸುಗೆ ಕಡ್ಡಿ
ಪೇಟೆಂಟ್ ವಿಷಯ ನಾನು. ದುಡ್ಡು ಬಂತು, ನಿಜ. ಅದರಲ್ಲಿ ತಪ್ಪೇನು? ಆದರೆ ಲೈಸೆನ್ಸ್ ಕೊಡುವಾಗ ಅವರು ಹಾಕಿದ ಷರತ್ತು ಕೇಳಿ. ಮೆಡ್‌ಟ್ರಾನಿಕ್ ಕಂಪನಿಗೆ ಕೊಟ್ಟರು. ಆಗ ಆ ಕಂಪನಿ ಇನ್ನೂ ಸಣ್ಣದು, ಗ್ಯಾರೇಜಿನಲ್ಲಿ ಹುಟ್ಟಿದ್ದು. ಮೇಷ್ಟ್ರು ಹೇಳಿದ ಬ್ಯಾಕನ್ ಅವರದ್ದೇ. ಒಪ್ಪಂದ ಹೇಗಿತ್ತೆಂದರೆ, ಪೇಸ್‌ಮೇಕರಿನ ಪ್ರತಿ ಡ್ರಾಯಿಂಗಿಗೂ, ಪ್ರತಿ ಬದಲಾವಣೆಗೂ ಗ್ರೇಟ್‌ಬ್ಯಾಚ್ ಸಹಿ ಬೇಕು. ಹತ್ತು ವರ್ಷ ಹಾಗೇ ನಡೆಯಿತು. ಇವತ್ತು ಎಷ್ಟು ಜನ ಇಂಜಿನಿಯರುಗಳು ದುಡ್ಡಿನ ಜೊತೆ ಜವಾಬ್ದಾರಿಯನ್ನೂ ಕೇಳಿ ಪಡೆಯುತ್ತಾರೆ? ನಮ್ಮ ಹಳೇ ಆಫೀಸಿನಲ್ಲಿ ಡ್ರಾಯಿಂಗಿಗೆ ಸಹಿ ಹಾಕಬೇಕು ಅಂದರೆ ಎಲ್ಲರೂ ಟೀ ಕುಡಿಯಲು ಹೋಗುತ್ತಿದ್ದರು.

ಎಲ್ಲಕ್ಕೂ ಪ್ರಶ್ನೆ
ಹ್ಮ್. ಟೀ ವಿಷಯ ನಿಜ. ಆದರೂ ಅದು ವೃತ್ತಿಧರ್ಮ ಆಯಿತು, ಊರಿಗೆ ಏನು ಮಾಡಿದರು?

ಬಯಲುಸೀಮೆ ಬಿಸಿಲು
ಊರಿನ ಚರ್ಚಿನಲ್ಲಿ ಹಾಡುತ್ತಿದ್ದರು, ಭಾನುವಾರ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಗಂಡ ಹೆಂಡತಿ ಕೊಟ್ಟ ನೆರವಿಗಾಗಿ ಹೌಟನ್ ಕಾಲೇಜಿನ ಸಂಗೀತ ಶಾಲೆಗೆ ಅವರ ಹೆಸರೇ ಇಟ್ಟಿದ್ದಾರೆ. ಶಾಲೆ ಶಾಲೆಗೆ ಹೋಗಿ ಮಕ್ಕಳ ಜೊತೆ ಮಾತಾಡುವುದು ಮುಪ್ಪಿನಲ್ಲೂ ಬಿಡಲಿಲ್ಲ. ಹೋದಲ್ಲೆಲ್ಲ ಹೇಳುತ್ತಿದ್ದದ್ದು ಸೋಲಿನ ಬಗ್ಗೆ. ಹತ್ತರಲ್ಲಿ ಒಂಬತ್ತು ಕೆಲಸ ಕೆಡುತ್ತವೆ, ಹತ್ತನೆಯದು ಆ ಒಂಬತ್ತರ ಖರ್ಚನ್ನೂ ತೀರಿಸುತ್ತದೆ ಅಂತ. ಫಲ ಮುಖ್ಯವಲ್ಲ, ಕೆಲಸದಲ್ಲೇ ಸಂತೋಷ ಇದೆ ಅಂತಲೂ ಹೇಳುತ್ತಿದ್ದರು. ಈಗ ಯಾರಾದರೂ ಬಂದು "ಕಾಯಕವೇ ಕೈಲಾಸ" ಅಂತ ಬರೆಯುತ್ತೀರಿ, ಗೊತ್ತು. ಅದಕ್ಕೆ ನಾನೇ ಬರೆದುಬಿಟ್ಟೆ.

ತಿದ್ದುಪಡಿ ಮೇಷ್ಟ್ರು
ನಾನು ಬರೆಯಲು ಹೊರಟಿದ್ದೆ. ಅಳಿಸಿದೆ.

ಹಸಿರು ಗೌನು
ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾತ್‌ಲ್ಯಾಬಿನಲ್ಲಿ (ಹೃದಯದ ಚಿಕಿತ್ಸೆ ಮಾಡುವ ಕೋಣೆ) ಟೆಕ್ನಿಷಿಯನ್. ಊರಿಗೆ ಏನು ಮಾಡಿದರು ಅಂತ ಕೇಳಿದವರು ಬ್ಯಾಟರಿ ಕತೆ ಕೇಳಿ. ನನಗೆ ಅದೇ ದೊಡ್ಡದು.

ಮೊದಲ ಪೇಸ್‌ಮೇಕರುಗಳಲ್ಲಿ ಇದ್ದದ್ದು ಸತು ಮತ್ತು ಪಾದರಸದ ಬ್ಯಾಟರಿ. ಎರಡು ವರ್ಷ ಬಂದರೆ ಪುಣ್ಯ. ಅಂದರೆ ಎರಡೆರಡು ವರ್ಷಕ್ಕೆ ಮತ್ತೆ ಎದೆ ಕುಯ್ಯಬೇಕು. ಜೊತೆಗೆ ಆ ಬ್ಯಾಟರಿ ಗ್ಯಾಸ್ ಬಿಡುತ್ತದೆ. ಹಾಗಾಗಿ ಡಬ್ಬಿಯನ್ನು ಪೂರ್ತಿ ಗಾಳಿಯಾಡದ ಹಾಗೆ ಮುಚ್ಚಲು ಆಗುವುದಿಲ್ಲ. ಮುಚ್ಚದಿದ್ದರೆ ದೇಹದ ತೇವ ಒಳಗೆ ಬರುತ್ತದೆ. ಪ್ಲುಟೋನಿಯಂ ಹಾಕಿದ ಪೇಸ್‌ಮೇಕರೂ 1970ರಲ್ಲಿ ಬಂತು, ಸುಳ್ಳಲ್ಲ!

ಬೇರೆಯವರಾಗಿದ್ದರೆ ಪೇಟೆಂಟ್ ದುಡ್ಡಿನಲ್ಲಿ ಆರಾಮಾಗಿ ಇರುತ್ತಿದ್ದರು. ಗ್ರೇಟ್‌ಬ್ಯಾಚ್ 1970ರಲ್ಲಿ ಐವತ್ತು ದಾಟಿದ ಮೇಲೆ ಬ್ಯಾಟರಿಗೆಂದೇ ಹೊಸ ಕಂಪನಿ ಕಟ್ಟಿದರು. ಲಿಥಿಯಂ ಅಯೋಡಿನ್ ಬ್ಯಾಟರಿ ಅವರು ಕಂಡುಹಿಡಿದದ್ದಲ್ಲ, ಇನ್ನೊಂದು ಕಂಪನಿಯ ಮೋಸರ್ ಮತ್ತು ಷ್ನೈಡರ್ ಅವರದ್ದು. ಇವರು ಅದನ್ನು ಎದೆಯೊಳಗೆ ಬಾಳುವ ಹಾಗೆ ಪಳಗಿಸಿದರು. ಅದು ಗ್ಯಾಸ್ ಬಿಡುವುದಿಲ್ಲ, ಹಾಗಾಗಿ ಲೋಹದ ಡಬ್ಬಿಗೆ ಹಾಕಿ ಬೆಸೆದು ಮುಚ್ಚಬಹುದು. ಒಮ್ಮೆಲೇ ಸಾಯುವುದೂ ಇಲ್ಲ, ಮೆಲ್ಲಗೆ ಇಳಿಯುತ್ತದೆ. ನಮಗೆ ಮುಂಚೆಯೇ ಗೊತ್ತಾಗುತ್ತದೆ. 1972ರಲ್ಲಿ ಇಟಲಿಯಲ್ಲಿ ಮೊದಲ ಲಿಥಿಯಂ ಪೇಸ್‌ಮೇಕರ್ ಹಾಕಿದರು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 70 ಬಡಿತ ಅಂದರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಹನ್ನೊಂದು ವರ್ಷಕ್ಕೆ 40 ಕೋಟಿ. ಯಾವಾಗಲೂ ಪಲ್ಸ್ ಕೊಡುವುದಿಲ್ಲ ಬಿಡಿ, ಈಗಿನವು ಹೃದಯ ತಾನೇ ಬಡಿದರೆ ಸುಮ್ಮನಿರುತ್ತವೆ. ಆದರೂ ಅಷ್ಟು ವರ್ಷ ಕಾವಲು ಕೂರಬೇಕು. ಅಪ್ಪನಿಗೆ ಹೇಳಿ: ಮೊಬೈಲನ್ನು ಆ ಕಡೆಯ ಜೇಬಿನಲ್ಲಿ ಇಡಬಾರದು, ಒಂದು ಗೇಣಾದರೂ ದೂರ ಇರಲಿ. ಪೇಸ್‌ಮೇಕರಿನ ಗುರುತಿನ ಕಾರ್ಡು ಯಾವಾಗಲೂ ಜೊತೆಗಿರಲಿ. ಇನ್ನು ಅವರು ವೆಲ್ಡಿಂಗ್ ಮಾಡಲು ಹೋಗದ ಹಾಗೆ ನೋಡಿಕೊಳ್ಳಿ. ಲೈನ್‌ಮನ್ನುಗಳನ್ನು ನಾನು ಬಲ್ಲೆ.

ಎಲ್ಲಕ್ಕೂ ಪ್ರಶ್ನೆ
ಬ್ಯಾಟರಿ ಒಪ್ಪಿದೆ. ಮೊದಲೇ ಇದನ್ನು ಹೇಳಬಾರದಿತ್ತಾ? ನಮ್ಮ ಅತ್ತೆಗೂ ಪೇಸ್‌ಮೇಕರ್ ಇದೆ. ಎರಡು ವರ್ಷಕ್ಕೊಂದು ಆಪರೇಷನ್ ಅಂದಿದ್ದರೆ ಅವರು ಒಪ್ಪುತ್ತಲೇ ಇರಲಿಲ್ಲ.

ಬೆಸುಗೆ ಕಡ್ಡಿ
ವಿಷಯ ಸ್ವಲ್ಪ ಆಚೆ ಹೋದರೂ ಹೇಳಿಬಿಡುತ್ತೇನೆ. 1958ರ ಆ ನಾಯಿಯ ಪ್ರಯೋಗದಲ್ಲಿ ಬಳಸಿದ್ದು ಎರಡು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಟ್ರಾನ್ಸಿಸ್ಟರ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಕಂಪನಿಯಲ್ಲಿ ಜ್ಯಾಕ್ ಕಿಲ್ಬಿ ಮೊದಲ ಐಸಿ, ಅಂದರೆ ಇಡೀ ಸರ್ಕ್ಯೂಟೇ ಒಂದು ಚೂರಿನಲ್ಲಿರುವ ಚಿಪ್, ತೋರಿಸಿದರು. ಅವರೂ ಎಲೆಕ್ಟ್ರಿಕಲ್ ಇಂಜಿನಿಯರ್, ಅವರೂ ಮಾಜಿ ಸೈನಿಕ. ಮಜಾ ಏನೆಂದರೆ ಕಿಲ್ಬಿ ಯುದ್ಧ ಕಳೆದದ್ದು ನಮ್ಮ ದೇಶದಲ್ಲಿ! ಈಶಾನ್ಯ ಭಾರತದ ಒಂದು ಟೀ ತೋಟದಲ್ಲಿ ಸೈನ್ಯದ ರೇಡಿಯೋ ರಿಪೇರಿ ಶೆಡ್ಡಿನಲ್ಲಿ ಇದ್ದರು. 2000ದಲ್ಲಿ ನೊಬೆಲ್ ಬಂತು. ಅದೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದದ್ದು ನಿಮಗೆಲ್ಲ ಗೊತ್ತು. ನಮ್ಮಲ್ಲಿ ಎಷ್ಟೋ ಜನರ ಮನೆ ಕಂತು ಕಟ್ಟಿದ ಕಂಪನಿ.

ಕಾವೇರಿ ಮೂಲೆ
ಗ್ರೇಟ್‌ಬ್ಯಾಚ್ ಕೊನೆಗೆ ಏನಾದರು? ಆಮೇಲೆ ಸುಮ್ಮನಾದರಾ?

ಬಯಲುಸೀಮೆ ಬಿಸಿಲು
ಎಲ್ಲಿ ಸುಮ್ಮನಾಗುತ್ತಾರೆ! 72ನೇ ಹುಟ್ಟುಹಬ್ಬಕ್ಕೆ ತಾವೇ ಮಾಡಿದ ಸೌರಶಕ್ತಿಯ ದೋಣಿಯಲ್ಲಿ ನ್ಯೂಯಾರ್ಕ್ ರಾಜ್ಯದ ಕೆರೆಗಳಲ್ಲಿ 160 ಮೈಲಿ ಹೋದರು. ಗಿಡಗಳಿಂದ ಇಂಧನ ತೆಗೆಯುವುದು, ಏಡ್ಸ್ ಸಂಶೋಧನೆ, ಚಂದ್ರನ ಹೀಲಿಯಂ ಹೀಗೆ ಏನೇನೋ ಹಿಡಿದರು. ಹೆಚ್ಚಿನವು ದಡ ಸೇರಲಿಲ್ಲ, ಅವರಿಗೆ ಅದರ ಬೇಜಾರೂ ಇರಲಿಲ್ಲ. ಪೇಟೆಂಟುಗಳೇ 150ಕ್ಕೂ ಜಾಸ್ತಿ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. 2011ರ ಸೆಪ್ಟೆಂಬರ್ 27ರಂದು ತೀರಿಕೊಂಡರು, 92 ವರ್ಷ. ಎಲೀನರ್ ಅದೇ ವರ್ಷ ಅವರಿಗಿಂತ ಮುಂಚೆ ಹೋಗಿದ್ದರು.

ನಿನ್ನೆ ರಾತ್ರಿ ನೀವು ಬರೆದದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಗನ್ ಹಿಡಿದು ಹಾರಿದ್ದು, ಪದಕ ಬಂದದ್ದು ಎಲ್ಲ ಕೇಳಿ ಹೂಂ ಹೂಂ ಅಂದರು. ಒಂದು ವರ್ಷ ಟೆಲಿಫೋನ್ ರಿಪೇರಿ ಮಾಡಿದರು ಅಂದಾಗ ಮಾತ್ರ ಎದ್ದು ಕೂತರು. "ಹಂಗಾದ್ರೆ ನಮ್ಮವನೇ ಅನ್ನು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಟೆಲಿಫೋನ್ ಲೈನು ಶಾಕ್ ಹೊಡೆಯಲ್ಲ. ನಮ್ಮ ಕೆಲಸಾನೇ ಕಷ್ಟ" ಅಂದರು.

ಬೆಸುಗೆ ಕಡ್ಡಿ
ರಿಂಗ್ ಬರುವಾಗ ತಂತಿ ಹಿಡಿದರೆ ಹೊಡೆಯುತ್ತದೆ ಅಂತ ಹೇಳಿ ಅವರಿಗೆ. 75 ವೋಲ್ಟ್ ಮೇಲಿರುತ್ತದೆ. ನಾನು ತಿಂದಿದ್ದೇನೆ.

ಬಯಲುಸೀಮೆ ಬಿಸಿಲು
ಹೇಳಿದೆ. "75 ವೋಲ್ಟ್ ಒಂದು ವೋಲ್ಟಾ" ಅಂತ ನಗುತ್ತಿದ್ದಾರೆ. ಹೊಲಿಗೆ ನೋಯುತ್ತದೆ, ನಗಬೇಡ ಅಂದರೂ ಕೇಳುತ್ತಿಲ್ಲ.